ದಿನ ಬಿಟ್ಟು ದಿನದ ಮಾತ್ರೆ

ಎರಡು ವರ್ಷದ ಹಿಂದಿನ ದೀಪಾವಳಿ. ಊರಿಗೆ ಹೋಗಿದ್ದೆ. ಅಮ್ಮ ಒಂದು ಪಾತ್ರೆಯಲ್ಲಿ ನಾಲ್ಕು ಕೊಟ್ಟೆ ಕಡುಬು ಹಾಕಿ, ಹಾಡಿಮನೆ ಅಕ್ಕನಿಗೆ ಕೊಟ್ಟು ಬಾ ಅಂತ ಕಳಿಸಿದಳು. ಹಾಡಿಮನೆ ಅಂದರೆ ನಮ್ಮ ತೋಟ ದಾಟಿ, ತೋಡು ದಾಟಿ, ಗುಡ್ಡೆ ಹತ್ತಿದ ಮೇಲೆ ಸಿಗುವ ಒಂಟಿ ಮನೆ. ಅಕ್ಕ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗದ್ದೆ ಅಂಚಿನಲ್ಲಿ ತಿರುಗಿದವರು. ಗಂಡ ತೀರಿಹೋಗಿ ತುಂಬ ವರ್ಷ ಆಗಿದೆ. ಮಗ ಬೆಂಗಳೂರಿನಲ್ಲಿ ಹೋಟೆಲ್ ಕೆಲಸ. ಮನೆಯಲ್ಲಿ ಅಕ್ಕ, ಸೊಸೆ, ಒಂದು ಸಣ್ಣ ಮಗು, ಒಂದು ದನ.

ವಿಧವಾ ವೇತನದ ಕಾಗದ ಒಂದು ಬಂದಿದೆ, ಏನು ಬರೆದಿದ್ದಾರೆ ನೋಡು ಅಂತ ಅಕ್ಕ ಒಂದು ಬಿಸ್ಕತ್ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರೊಳಗೆ ರೇಷನ್ ಕಾರ್ಡು, ಆಧಾರಿನ ಜೆರಾಕ್ಸು, ಸೊಸೈಟಿಯ ಪಾಸ್ ಪುಸ್ತಕ. ಎಲ್ಲದರ ಅಡಿಯಲ್ಲಿ ಚೀಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಒಂದು ಮಾತ್ರೆ ಸ್ಟ್ರಿಪ್ಪು. ಬಿಪಿ ಮಾತ್ರೆ. ಚೀಟಿಯಲ್ಲಿ ದಿನಕ್ಕೊಂದು ಅಂತ ಬರೆದಿತ್ತು, 10 ಮಾತ್ರೆ ಕೊಟ್ಟಿದ್ದರು. ತಾರೀಕು ನೋಡಿದೆ. 12 ದಿನ ಆಗಿತ್ತು. ಸ್ಟ್ರಿಪ್ಪಿನಲ್ಲಿ ಇನ್ನೂ ನಾಲ್ಕು ಮಾತ್ರೆ ಉಳಿದಿತ್ತು.

"ಅಕ್ಕ, ಇದ್ ದಿನಾ ಒಂದ್ ತಿನ್ಕಲೆ?" ಅಂದೆ.

"ದಿನಾ ತಿಂದ್ರೆ ಬೇಗ ಖಾಲಿ ಆತ್ತಲೆ ಮಗಾ. ಖಾಲಿ ಆರೆ ಮತ್ತೆ ಹೋಯ್ಕ್. ಹಾಂಗಾಯಿ ದಿನ ಬಿಟ್ ದಿನ ತಿಂಬುದ್."

ಗೋಡೆಯ ಮೇಲೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಒಂದು ತಾರೀಕಿಗೆ ಮಸಿಯ ಗೀಟು, ಮುಂದಿನದು ಖಾಲಿ, ಅದರ ಮುಂದಿನದಕ್ಕೆ ಮತ್ತೆ ಗೀಟು. ತಪ್ಪಿಹೋಗಬಾರದು ಅಂತ ಅಷ್ಟು ಶಿಸ್ತಿನಿಂದ ಹಾಕಿದ ಗೀಟುಗಳು. ಮರೆತು ಬಿಟ್ಟ ಮಾತ್ರೆ ಅಲ್ಲ ಅದು. ಲೆಕ್ಕ ಹಾಕಿ ಬಿಟ್ಟದ್ದು.

"ಹಾಂಗೆಲ್ಲ ಮಾಡೂಕಾಗ ಅಕ್ಕ, ದಿನಾ ತಿನ್ಕ್" ಅಂದೆ. ಅವರು ಆಯ್ತು ಅಂತ ತಲೆ ಆಡಿಸಿದರು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ಅದರಲ್ಲಿ ನಾಲ್ಕು ಬೆಂಡೆಕಾಯಿ ಹಾಕಿ ಕೊಟ್ಟರು. ನಾನು ಗುಡ್ಡೆ ಇಳಿದು ಬಂದೆ. ಎರಡು ದಿನ ಕಳೆದು ಉಡುಪಿಗೆ ಹೊರಟು ಬಂದೆ. ಬುದ್ಧಿಮಾತು ಹೇಳಿದೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮತ್ತೆ ಹೋಗಬೇಕಾದರೆ ಅವರಿಗೆ ಏನೇನು ಕಷ್ಟ ಇದೆ ಅಂತ ಒಂದು ಮಾತು ಕೇಳಲಿಲ್ಲ. ಆಗ ಕೇಳಬೇಕಾಗಿದ್ದದ್ದು ಅದೊಂದೇ.

ಒಂದು ಸ್ಟ್ರಿಪ್ಪಿನ ಲೆಕ್ಕ

ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮ ಊರು ಕುಂದಾಪುರದಿಂದ ಮೂಡು ದಿಕ್ಕಿಗೆ, ಘಟ್ಟದ ಬುಡದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರ ಇರುವುದು 9 ಕಿಲೋಮೀಟರ್ ಆಚೆ. ಕಾರಿದ್ದವರಿಗೆ ಕಾಲು ಗಂಟೆ. ಅಕ್ಕನಿಗೆ ಹಾಗಲ್ಲ. ಬೆಳಗಿನ ಜಾವ ಎದ್ದು ದನದ ಕೆಲಸ ಮುಗಿಸಬೇಕು. ಗುಡ್ಡೆ ಇಳಿದು ಟಾರು ರಸ್ತೆಗೆ ಬರಲು ಅರ್ಧ ಗಂಟೆ ನಡಿಗೆ. ಎಂಟೂ ಕಾಲಿನ ಬಸ್ಸು ತಪ್ಪಿದರೆ ಮುಂದಿನದು ಹತ್ತೂವರೆಗೆ. ಪೇಟೆಯಲ್ಲಿ ಇಳಿದು ಅಲ್ಲಿಂದ ರಿಕ್ಷಾ. ಚೀಟಿ ಮಾಡಿಸಿ ಕೂತರೆ ಡಾಕ್ಟರು ಒಂದೊಂದು ದಿನ ಇರುತ್ತಾರೆ, ಒಂದೊಂದು ದಿನ ತಾಲೂಕಿನಲ್ಲಿ ಮೀಟಿಂಗು. ಎಲ್ಲ ಮುಗಿದು ಒಂದೂ ಕಾಲಿನ ಬಸ್ಸು ಸಿಕ್ಕಿದರೆ ಪುಣ್ಯ. ಇಲ್ಲದಿದ್ದರೆ ನಾಲ್ಕು ಗಂಟೆವರೆಗೆ ಬಸ್‌ಸ್ಟ್ಯಾಂಡಿನ ಕಟ್ಟೆ.

ಆಗ ನಮ್ಮ ಕಡೆ ತೋಟದ ಕೆಲಸಕ್ಕೆ ಹೆಂಗಸರಿಗೆ ದಿನಕ್ಕೆ 400 ರೂಪಾಯಿ ಕೂಲಿ. ಅದು ಹೋಯಿತು. ಬಸ್ಸು, ರಿಕ್ಷಾ ಸೇರಿ 110. ಒಟ್ಟು 510 ರೂಪಾಯಿ. ಮಾತ್ರೆ ಪುಕ್ಕಟೆ. ಆದರೆ ಆ ಪುಕ್ಕಟೆ ಮಾತ್ರೆ ತರಲು 510 ರೂಪಾಯಿ ಬೇಕು. ಹತ್ತು ದಿನಕ್ಕೊಮ್ಮೆ ಅಂದರೆ ತಿಂಗಳಿಗೆ ಮೂರು ಸಲ, ಸಾವಿರದ ಐನೂರು ದಾಟಿತು. ಅದೇ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಸ್ಟ್ರಿಪ್ಪಿಗೆ ಒಂದು ಚಾದ ದುಡ್ಡೂ ಆಗುವುದಿಲ್ಲ. ಆದರೆ ಜನೌಷಧಿ ಇರುವುದು ಇನ್ನೂ ದೂರದ ಪೇಟೆಯಲ್ಲಿ. ಹತ್ತು ಮಾತ್ರೆಯನ್ನು ಇಪ್ಪತ್ತು ದಿನಕ್ಕೆ ಎಳೆದರೆ ತಿಂಗಳಲ್ಲಿ ಒಂದೂವರೆ ದಿನದ ಕೂಲಿ ಉಳಿಯುತ್ತದೆ. ಅಕ್ಕನ ಲೆಕ್ಕದಲ್ಲಿ ತಪ್ಪು ಎಲ್ಲಿದೆ? ನಾನೂ ಆ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ.

ಬಿಪಿ ಅನ್ನುವುದು ನೋವು ಕೊಡುವ ಕಾಯಿಲೆ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ಹಲ್ಲು ನೋವಿಗೆ ಯಾರೂ ದಿನ ಬಿಟ್ಟು ದಿನ ಮಾತ್ರೆ ತಿನ್ನುವುದಿಲ್ಲ. ಬಿಪಿ ಇದ್ದವರಿಗೆ ಏನೂ ಆಗುವುದಿಲ್ಲ, ಬಹಳ ವರ್ಷ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಎಲ್ಲ ಒಟ್ಟಿಗೇ ಆಗುತ್ತದೆ. ಹಾಗಾಗಿ ಈ ಕಾಯಿಲೆಗೆ ಮಾತ್ರೆಯ ಜೊತೆ ನೆನಪು ಮಾಡುವ ಒಬ್ಬರು ಬೇಕು. ತಿಂಗಳಿಗೊಮ್ಮೆ ಪಟ್ಟಿ ಕಟ್ಟಿ ನೋಡಿ, "ಈ ಸಲ ಕಮ್ಮಿ ಆಗಿದೆ, ಬಿಡಬೇಡಿ" ಅಂತ ಹೇಳುವವರು. ಹತ್ತಿರದಲ್ಲೇ ಇರುವವರು.

ಶಕ್ತಿ ಯೋಜನೆ ಉಂಟಲ್ಲ ಅಂತ ಕೆಲವರು ಕೇಳುತ್ತಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ, ನಿಜ. ಮೈಸೂರು ಕಡೆಯ ಗೆಳತಿಯೊಬ್ಬಳು ಹೇಳುತ್ತಾಳೆ, ಅವರ ಊರಿನ ಹೆಂಗಸರು ಈಗ ಜಿಲ್ಲಾಸ್ಪತ್ರೆಗೆ ಒಬ್ಬೊಬ್ಬರೇ ಹೋಗಿ ಬರುತ್ತಾರೆ, ದುಡ್ಡಿಗೆ ಗಂಡನ ಮುಖ ನೋಡಬೇಕಿಲ್ಲ ಅಂತ. ಕೇಳಿ ಖುಷಿಯಾಯಿತು. ಆದರೆ ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವುದು ಹೆಚ್ಚು ಪಾಲು ಪ್ರೈವೇಟ್ ಬಸ್ಸು. ಒಳಗಿನ ಊರುಗಳಿಗಂತೂ ಅದೇ ಗತಿ. ನಮ್ಮೂರಿಗೆ ಬರುವುದು ಎರಡೇ ಬಸ್ಸು, ಎರಡೂ ಪ್ರೈವೇಟು. ಅಕ್ಕನ ಕೈಯಲ್ಲಿ ಆಧಾರ್ ಕಾರ್ಡ್ ಇದೆ, ಅದನ್ನು ತೋರಿಸಿ ಹತ್ತಲು ಬಸ್ಸಿಲ್ಲ. ಆರೋಗ್ಯದ ವಿಷಯ ಮಾತಾಡುವಾಗ ನಾವು ಬಸ್ಸಿನ ವಿಷಯ ಎತ್ತುವುದೇ ಇಲ್ಲ. ನನಗೀಗ ಎರಡೂ ಒಂದೇ ವಿಷಯ ಅನಿಸುತ್ತದೆ.

ಉಪ್ಪಿನ ವಿಷಯವೂ ಹಾಗೇ. "ಉಪ್ಪು ಕಮ್ಮಿ ಮಾಡಿ" ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ನಮ್ಮ ಮಳೆಗಾಲದ ಊಟ ಎಂತದ್ದು ಅಂತ ಗೊತ್ತಲ್ಲ. ಕುಚ್ಚಲಕ್ಕಿ ಗಂಜಿ, ಅದಕ್ಕೊಂದು ಚಿಟಿಕೆ ಉಪ್ಪು. ನೆಂಚಿಕೊಳ್ಳಲು ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಉಪ್ಪಿನ ಸೊಳೆಯ ಪಲ್ಯ, ಒಣಮೀನಿನ ಚಟ್ನಿ. ಬೇಸಗೆಯಲ್ಲಿ ಬಂದದ್ದನ್ನೆಲ್ಲ ಉಪ್ಪಿಗೆ ಹಾಕಿ ಇಟ್ಟರೇ ನಾಲ್ಕು ತಿಂಗಳ ಮಳೆ ಕಳೆಯುವುದು. ಹಸಿ ತರಕಾರಿ ದುಡ್ಡು ಕೊಟ್ಟು ತರಬೇಕು. ಕಡಲಿಗೆ ದೋಣಿ ಇಳಿಯದ ದಿನಗಳಲ್ಲಿ ಹಸಿ ಮೀನು ಬಡವರ ಕೈಗೆ ಎಟುಕುವುದಿಲ್ಲ. "ಉಪ್ಪು ಕಮ್ಮಿ ಮಾಡಿ" ಅನ್ನುವ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇದೆ. ಇದನ್ನು ಕೂತು ಮಾತಾಡಲು ಡಾಕ್ಟರಿಗೆ ಹೊತ್ತಿಲ್ಲ. ಹೊರಗೆ ಎಂಬತ್ತು ಜನ ಕಾಯುತ್ತಿರುತ್ತಾರೆ.

ಜನವರಿಯ ಆ ಬೆಳಿಗ್ಗೆ

ದೀಪಾವಳಿ ಕಳೆದು ಮೂರು ತಿಂಗಳಾಗಿರಲಿಲ್ಲ. ಅಡಿಕೆ ಸುಲಿಯುವ ಕಾಲ. ಅಕ್ಕ ಹಿಂದಿನ ದಿನ ಸಂಜೆವರೆಗೆ ನಮ್ಮ ಮನೆಯ ಜಗಲಿಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿದು ಹೋಗಿದ್ದರಂತೆ. ಅವರ ಕೈ ಅಂದರೆ ಕೈ. ನೋಡದೆಯೇ ಸುಲಿಯುತ್ತಿದ್ದರು. ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ ಒಂದು ತಿರುವು, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಬಾಯಲ್ಲಿ ಊರಿನ ಸುದ್ದಿ ನಡೆಯುತ್ತಲೇ ಇರುತ್ತಿತ್ತು. ನಾವು ಮಕ್ಕಳು ಎಣಿಸಲು ನೋಡಿ ಸೋಲುತ್ತಿದ್ದೆವು.

ಬೆಳಿಗ್ಗೆ ಆರು ಗಂಟೆಗೆ ಸೊಸೆ ನೋಡಿದಾಗ ಅಕ್ಕ ದನದ ಹಟ್ಟಿಯ ಹತ್ತಿರ ಒರಗಿ ಕೂತಿದ್ದರು. ಬಾಯಿ ಒಂದು ಬದಿಗೆ ವಾಲಿತ್ತು. ಬಲಗೈ ಎತ್ತಲು ಆಗುತ್ತಿರಲಿಲ್ಲ. ವಾಯು ಇರಬೇಕು, ಚಳಿಗೆ ಹಿಡಿದಿದೆ ಅಂತ ಮೊದಲು ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಅದರಲ್ಲಿ ಒಂದು ಗಂಟೆ ಹೋಯಿತು. ನಮ್ಮ ಅಣ್ಣನಿಗೆ ಸುದ್ದಿ ಬಂದಾಗ ಏಳೂವರೆ. ಹಾಡಿಮನೆಗೆ ರಿಕ್ಷಾ ಹೋಗುವುದಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಸೀರೆಯಲ್ಲಿ ಕಟ್ಟಿ, ನಾಲ್ಕು ಜನ ಹೊತ್ತು ಗುಡ್ಡೆ ಇಳಿಸಿದರು. 108ಕ್ಕೆ ಫೋನ್ ಹಾಕಿದ್ದರು. ಅದು ಬೇರೆ ಕಡೆ ಹೋಗಿತ್ತು, ಬರಲು ಮುಕ್ಕಾಲು ಗಂಟೆ ಅಂದರು. ಯಾರದೋ ಓಮ್ನಿ ಸಿಕ್ಕಿತು. ಮೊದಲು ಒಂದು ಆಸ್ಪತ್ರೆ. ಅಲ್ಲಿ ಸ್ಕ್ಯಾನ್ ಇಲ್ಲ. ಅಲ್ಲಿಂದ ಇನ್ನೊಂದು. ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ ದಾಟಿತ್ತು. ನಾನು ಉಡುಪಿಯಿಂದ ಅಲ್ಲಿಗೇ ಹೋದೆ.

ಮೆದುಳಿನ ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕ್ ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಕಟ್ಟಿದ್ದೋ ಒಡೆದು ಸೋರಿದ್ದೋ ಅಂತ ಸಿಟಿ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ, ಗೊತ್ತಾಗದೆ ಇಂಜೆಕ್ಷನ್ ಕೊಡುವ ಹಾಗಿಲ್ಲ. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಇದನ್ನೆಲ್ಲ ನನಗೆ ನಿಧಾನವಾಗಿ ವಿವರಿಸಿದರು. "ಎಷ್ಟು ಗಂಟೆಗೆ ಶುರುವಾದದ್ದು?" ಅಂತ ಎರಡು ಮೂರು ಸಲ ಕೇಳಿದರು. ನಾವು ಆರು ಅಂದೆವು. ಆದರೆ ಆರಕ್ಕೆ ನೋಡಿದ್ದು, ಶುರುವಾದದ್ದು ಯಾವಾಗ ಅಂತ ಯಾರಿಗೆ ಗೊತ್ತು? ಅವರು ಗಡಿಯಾರ ನೋಡಿ ಸುಮ್ಮನಾದರು. ಆಮೇಲೆ ಕೇಳಿದರು, "ಬಿಪಿಗೆ ಮಾತ್ರೆ ತಗೊಳ್ತಿದ್ರಾ?"

ಸೊಸೆ ಹೌದು ಅಂದಳು. ನನ್ನ ಬಾಯಿಗೆ ಮಾತು ಬರಲಿಲ್ಲ.

ಅಲ್ಲಿ ಚೆನ್ನಾಗಿ ನೋಡಿಕೊಂಡರು, ಅದನ್ನು ಹೇಳಲೇಬೇಕು. ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಯೋಜನೆಯಲ್ಲಿ ಹೆಚ್ಚು ಖರ್ಚು ಬೀಳಲಿಲ್ಲ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಹತ್ತು ದಿನ ಮಲಗಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಯೋಚಿಸುತ್ತಿದ್ದೆ. ಕೈ ಬಿದ್ದ ಮೇಲೆ ಸ್ಕ್ಯಾನಿಗೆ, ಐಸಿಯುಗೆ, ಹಾಸಿಗೆಗೆ ಸರಕಾರ ಲಕ್ಷ ಕೊಡುತ್ತದೆ. ಕೈ ಬೀಳದ ಹಾಗೆ ನೋಡಿಕೊಳ್ಳಲು ಬೇಕಾಗಿದ್ದದ್ದು ತಿಂಗಳಿಗೆ ಮೂರು ಸ್ಟ್ರಿಪ್ಪು, ಅದೂ ಗುಡ್ಡೆಯ ಬುಡದವರೆಗೆ ಬಂದಿದ್ದರೆ ಸಾಕಿತ್ತು. ದಿನಾ ತಿಂದಿದ್ದರೆ ಹೀಗಾಗುತ್ತಲೇ ಇರಲಿಲ್ಲ ಅಂತ ಗಟ್ಟಿಯಾಗಿ ಹೇಳಲು ಯಾರಿಂದಲೂ ಆಗದು. ಆದರೂ ಆ ಕ್ಯಾಲೆಂಡರಿನ ಖಾಲಿ ಮನೆಗಳು ಕಣ್ಣ ಮುಂದೆ ಬರುತ್ತಲೇ ಇದ್ದವು.

ಒಂದು ಸಾವಿರ ಜನ ಅಂದರೆ ಎಷ್ಟು ದೂರ

ಆ ವರ್ಷ ಜುಲೈಯಲ್ಲಿ ರಜೆ ಹಾಕಿ ಊರಿಗೆ ಹೋದೆ. ನಮ್ಮೂರಿನ ಆಶಾ ಕಾರ್ಯಕರ್ತೆ ನನ್ನ ಪ್ರೈಮರಿ ಶಾಲೆಯ ಜೊತೆಗಾರ್ತಿ. ಒಂದು ದಿನ ನಿನ್ನ ಜೊತೆ ಬರುತ್ತೇನೆ ಅಂದೆ. "ಬಾ, ಆದರೆ ಚಪ್ಪಲಿ ಹಾಕ್ಬೇಡ, ಜಾರ್ತದೆ" ಅಂದಳು. ಕೊಡೆ ಬೇಡ, ಎರಡೂ ಕೈ ಖಾಲಿ ಇರಬೇಕು ಅಂತ ನನಗೂ ಒಂದು ರೈನ್‌ಕೋಟ್ ಕೊಟ್ಟಳು. ಅವಳ ಹೆಗಲಲ್ಲಿ ಒಂದು ಚೀಲ. ಅದರಲ್ಲಿ ಬಿಪಿ ಮೆಷಿನು, ಸಕ್ಕರೆ ನೋಡುವ ಮೆಷಿನು, ಜ್ವರದ ಮಾತ್ರೆ, ಓಆರ್‌ಎಸ್ ಪ್ಯಾಕೆಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ರಿಜಿಸ್ಟರು. ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪು ಕಲಸಿ ಹಚ್ಚಿಕೊಂಡಿದ್ದಳು. ಇಂಬಳ ಹತ್ತದ ಹಾಗೆ.

ಬೆಳಿಗ್ಗೆ ಎಂಟಕ್ಕೆ ಹೊರಟವರು ಮಧ್ಯಾಹ್ನ ಎರಡರ ಹೊತ್ತಿಗೆ ಹನ್ನೊಂದು ಮನೆ ಮುಗಿಸಿದ್ದೆವು. ಹನ್ನೊಂದೇ. ಸಾವಿರ ಜನಕ್ಕೆ ಒಬ್ಬ ಆಶಾ ಅನ್ನುವುದು ಲೆಕ್ಕ. ಬಯಲುಸೀಮೆಯ ಊರಲ್ಲಾದರೆ ಸಾವಿರ ಜನ ನಾಲ್ಕು ಬೀದಿಯಲ್ಲಿ ಇರುತ್ತಾರೆ. ಒಂದು ಕಟ್ಟೆಯ ಮೇಲೆ ನಿಂತು ಕೂಗಿದರೆ ಅರ್ಧ ಊರಿಗೆ ಕೇಳುತ್ತದೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಒಂದೊಂದು ಮನೆಗೂ ಅದರದೇ ತೋಟ, ಅದರದೇ ಗದ್ದೆ, ನಡುವೆ ತೋಡು. ಘಟ್ಟದ ಕಡೆಗೆ, ಬುಡಕಟ್ಟು ಜನರಿರುವ ಕಡೆಗೆ ಸ್ವಲ್ಪ ರಿಯಾಯಿತಿ ಇದೆ. ಬಯಲಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ ಆದರೆ ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರ 30,000ದ ಬದಲು 20,000ಕ್ಕೆ. ಆದರೂ ಅದು ತಲೆ ಎಣಿಸುವ ಲೆಕ್ಕ. ನಡುವೆ ಎಷ್ಟು ಕಾಲುಸಂಕ ಇದೆ ಅಂತ ಆ ಲೆಕ್ಕಕ್ಕೆ ಗೊತ್ತಿಲ್ಲ. ಆ ದಿನ ನಾವು ದಾಟಿದ್ದು ಮೂರು. ಒಂದು ಸಿಮೆಂಟಿನದ್ದು, ಎರಡು ಅಡಿಕೆ ಮರ ಕಡಿದು ಹಾಕಿದ್ದು. ಕೊನೆಯದರ ಅರ್ಧ ದಾರಿಯಲ್ಲಿ ನನ್ನ ಕಾಲು ನಡುಗಿತು. ಕೆಳಗೆ ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ಅವಳು ಮುಂದೆ ಹೋಗಿ ಚೀಲ ಇಟ್ಟು, ವಾಪಸ್ ಬಂದು, ನನ್ನ ಕೈ ಹಿಡಿದು ದಾಟಿಸಿದಳು. ಬಸುರಿಯರನ್ನೂ ಹೀಗೇ ದಾಟಿಸುವುದಂತೆ. ಏಳು ತಿಂಗಳಾದ ಮೇಲೆ ಮಳೆಗಾಲ ಬಂತು ಅಂದರೆ ತವರಿಗೋ ನೆಂಟರ ಮನೆಗೋ, ಒಟ್ಟು ರಸ್ತೆ ಬದಿಯ ಮನೆಗೆ ಕಳಿಸಿಬಿಡುತ್ತಾರಂತೆ.

ಗದ್ದೆ ನೆಟ್ಟಿ ನಡೆಯುತ್ತಿತ್ತು. ಕೆಸರಿನಲ್ಲಿ ನಿಂತವರನ್ನೆಲ್ಲ ಅವಳು ಅಂಚಿಗೆ ಕರೆದು ಇಲಿಜ್ವರದ ಮಾತ್ರೆ ಕೊಟ್ಟಳು. ವಾರಕ್ಕೊಮ್ಮೆ ತಿನ್ನುವ ಡಾಕ್ಸಿಸೈಕ್ಲಿನ್. ಕಾಲಲ್ಲಿ ಗಾಯ ಇದ್ದವರು ಯಾರು ಅಂತ ಬಗ್ಗಿ ಬಗ್ಗಿ ನೋಡಿದಳು. ಇಲಿ ಉಚ್ಚೆ ಸೇರಿದ ನೀರು ಗಾಯದಿಂದ ಒಳಗೆ ಹೋದರೆ ಸಾಕು. ಸುಮ್ಮನೆ ಜ್ವರ ಅಂತ ಶುರುವಾಗಿ, ಕಣ್ಣು ಹಳದಿ ಆಗಿ, ಕಿಡ್ನಿಗೆ ಹೋಗುತ್ತದೆ. ಕೈಯಲ್ಲಿ ಕೊಟ್ಟರೆ ಕಿಸೆಯಲ್ಲಿಟ್ಟು ಮರೆಯುತ್ತಾರೆ ಅಂತ ಎದುರೇ ನಿಂತು ನುಂಗಿಸಿದಳು. ಒಬ್ಬ ಅಜ್ಜ ಬೇಡವೇ ಬೇಡ ಅಂದರು. "ಅಜ್ಜಯ್ಯ, ನೀವ್ ತಿಂದ್ರೇ ನಾನ್ ಇಲ್ಲಿಂದ ಹೊರ್ಡುದ್" ಅಂತ ಅಂಚಿನ ಮೇಲೆ ಕೂತೇಬಿಟ್ಟಳು. ಅವರು ತಿಂದರು.

ಗುಡ್ಡೆಯ ಆ ಬದಿಯಲ್ಲಿ ಕೊರಗ ಬುಡಕಟ್ಟಿನವರ ನಾಲ್ಕು ಮನೆಗಳಿವೆ. ಅಲ್ಲಿಗೆ ಹೋಗುವಾಗ ಅವಳ ದನಿ ಬದಲಾಯಿತು. ಮೊದಲ ಎರಡು ವರ್ಷ ಅಲ್ಲಿ ಯಾರೂ ಅವಳ ಹತ್ತಿರ ಮಾತೇ ಆಡುತ್ತಿರಲಿಲ್ಲವಂತೆ. ಯಾಕೆ ಆಡಬೇಕು? ತಲೆತಲಾಂತರದಿಂದ ಇವರನ್ನು ಅಂಗಳದ ಆಚೆ ನಿಲ್ಲಿಸಿದ ಊರು ನಮ್ಮದು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದೇ 2000ದಲ್ಲಿ. ಅಂದರೆ ನಾನು ಹೈಸ್ಕೂಲಿನಲ್ಲಿ ಇದ್ದಾಗ. ರೋಗ ತಗಲಿದವರ ಕೂದಲು ಉಗುರು ಬೆರೆಸಿದ ಅನ್ನ ತಿನ್ನಬೇಕಾಗಿ ಬಂದವರಿಗೆ, ಅದನ್ನು ತಿನ್ನಿಸಿದ ಜನರ ಕಡೆಯಿಂದಲೇ ಬಂದ ಮಾತ್ರೆಯ ಮೇಲೆ ನಂಬಿಕೆ ಹುಟ್ಟುವುದು ಹೇಗೆ? ಆಸ್ಪತ್ರೆಯ ಬೆಂಚಿನಲ್ಲಿ ಕೂರಲು ಈಗಲೂ ಅವರು ಹಿಂದೆ ಮುಂದೆ ನೋಡುತ್ತಾರೆ. ಅಲ್ಲಿಯ ಒಬ್ಬ ಹುಡುಗಿಗೆ ರಕ್ತ ತೀರಾ ಕಮ್ಮಿ ಇತ್ತು. ಜೊತೆಗಾರ್ತಿ ಅಂಗಳದಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, ಚಾಪೆಯ ಮೇಲೆ ಕೂತು, ಅವರು ಕೊಟ್ಟ ಹಾಲಿಲ್ಲದ ಕಣ್ಣಚಾ ಕುಡಿದು, ಆಮೇಲೆ ಚೀಲ ಬಿಚ್ಚಿದಳು. ಬಿಳಲಿನ ಬುಟ್ಟಿ ಹೆಣೆಯುತ್ತಿದ್ದ ಹುಡುಗಿಯ ಅಮ್ಮ ಹೆಣಿಗೆ ನಿಲ್ಲಿಸಿ ಹತ್ತಿರ ಬಂದರು. ಆ ಚಾಪೆಯ ಮೇಲೆ ಕೂರುವ ಕೆಲಸಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ವಾಪಸ್ ಬರುವಾಗ ಒಂದು ಬಂಡೆ ಹತ್ತಿ ಫೋನ್ ಎತ್ತಿ ಹಿಡಿದಳು. ಇಡೀ ಊರಲ್ಲಿ ನೆಟ್‌ವರ್ಕ್ ಸಿಗುವ ಜಾಗ ಅದು. ಹನ್ನೊಂದು ಮನೆಯ ವಿವರ ಅಲ್ಲಿ ನಿಂತು ಮಳೆಯಲ್ಲೇ ಆ್ಯಪಿಗೆ ತುಂಬಿಸಿದಳು. ತುಂಬಿಸದಿದ್ದರೆ ಪ್ರೋತ್ಸಾಹಧನ ಬರುವುದಿಲ್ಲ. 2025ರ ಜನವರಿಯಲ್ಲಿ ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಚಳಿಗೆ ರಸ್ತೆಯಲ್ಲಿ ಮಲಗಿದ್ದು ಪೇಪರಿನಲ್ಲಿ ನೋಡಿದಾಗ ನನಗೆ ಈ ಬಂಡೆ ನೆನಪಾಯಿತು. ಕಾಲುಸಂಕ ದಾಟಿ ಹೋಗಿ ಮಾತ್ರೆ ನುಂಗಿಸುವವರನ್ನು ನಾವು ಈಗಲೂ ನೌಕರರು ಅಂತ ಕರೆಯುವುದಿಲ್ಲ. ಕಾರ್ಯಕರ್ತೆಯರು ಅನ್ನುತ್ತೇವೆ, ಗೌರವಧನ ಅನ್ನುತ್ತೇವೆ. ಇದು ಅನ್ಯಾಯ, ಬೇರೆ ಮಾತಿಲ್ಲ.

ಕಾಲೇಜುಗಳ ಊರಿನಲ್ಲಿ

ನಮ್ಮ ಎರಡು ಜಿಲ್ಲೆಗೆ ಆಸ್ಪತ್ರೆಯ ಬರ ಇಲ್ಲ. ಮಂಗಳೂರಿನ ವೆನ್ಲಾಕ್ 1848ರಿಂದ ಇದೆ. ಮಣಿಪಾಲದಲ್ಲಿ 1953ರಲ್ಲೇ ಮೆಡಿಕಲ್ ಕಾಲೇಜು ಶುರುವಾಯಿತು, ಎರಡು ವರ್ಷದಲ್ಲಿ ಮಂಗಳೂರಿಗೂ ಬಂತು. 1999 ಒಂದೇ ವರ್ಷ ಮಂಗಳೂರಿನ ಸುತ್ತ ಮೂರು ಹೊಸ ಮೆಡಿಕಲ್ ಕಾಲೇಜು ತೆರೆದವು. ಆಮೇಲೆ ಇನ್ನೂ ಕೆಲವು. ಹೊರಗಿನವರು ಇಲ್ಲಿಗೆ ಓದಲು ಬರುತ್ತಾರೆ, ಘಟ್ಟದ ಮೇಲಿನಿಂದ, ಕೇರಳದಿಂದ ಆಪರೇಷನ್‌ಗೆ ಬರುತ್ತಾರೆ. ನಮಗೆ ಅದರ ಹೆಮ್ಮೆ ಇದೆ, ಇರಲೂ ಬೇಕು. ನನ್ನ ಅಪ್ಪನ ಜೀವ ಉಳಿದದ್ದೂ ಅಂಥ ಒಂದು ಆಸ್ಪತ್ರೆಯಲ್ಲಿ. ಹಾಗಿರುವಾಗ ಐವತ್ತು ಅರವತ್ತು ಕಿಲೋಮೀಟರ್ ಆಚೆಯ ಗುಡ್ಡೆಯ ಮೇಲೆ ಒಬ್ಬ ಹೆಂಗಸು ಹತ್ತು ಮಾತ್ರೆಯನ್ನು ಇಪ್ಪತ್ತು ದಿನಕ್ಕೆ ಎಳೆಯುತ್ತಾಳೆ ಅಂದರೆ, ಕೊರತೆ ಇರುವುದು ದೊಡ್ಡ ಬಾಗಿಲಿನದ್ದಲ್ಲ, ಮೊದಲ ಬಾಗಿಲಿನದ್ದು ಅಂತ ತಾನೇ?

ನಾನು ಸಣ್ಣವಳಿದ್ದಾಗ ನಮ್ಮ ಪೇಟೆಯಲ್ಲಿ ಒಬ್ಬ ಡಾಕ್ಟರಿದ್ದರು. ಹೆಂಚಿನ ಕಟ್ಟಡ, ಹಸಿರು ಪರದೆ, ಒಂದು ಉದ್ದದ ಬೆಂಚು. ಮಾತ್ರೆಯನ್ನು ಪೇಪರಿನಲ್ಲಿ ಮಡಚಿ ಕೊಡುತ್ತಿದ್ದರು. ದುಡ್ಡಿಲ್ಲದವರು ಆಮೇಲೆ ಕೊಡುತ್ತಿದ್ದರು, ಕೆಲವರು ಬಾಳೆಗೊನೆ ತಂದು ಇಟ್ಟು ಹೋಗುತ್ತಿದ್ದರು. ಅವರಿಗೆ ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಅಂತ ಬಾಯಿಪಾಠ. ಬಸ್ಸಿನಲ್ಲಿ ಸಿಕ್ಕಿದರೂ "ನಿನ್ನ ಅಜ್ಜಿಯ ಕಾಲು ಹೇಗಿದೆ" ಅಂತ ಕೇಳುತ್ತಿದ್ದರು. ಅವರು ತೀರಿಹೋದ ಮೇಲೆ ಆ ಬಾಗಿಲು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ.

ಸರಕಾರಿ ಕೇಂದ್ರಕ್ಕೆ ವರ್ಷಕ್ಕೊಬ್ಬರು ಹೊಸ ಡಾಕ್ಟರು ಬರುತ್ತಾರೆ. ಓದು ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕು ಅಂತ 2012ರಲ್ಲಿ ಕರ್ನಾಟಕ ಕಾನೂನು ಮಾಡಿತು. ಆ ಹುಡುಗ ಹುಡುಗಿಯರ ಮೇಲೆ ನನಗೆ ದೂರಿಲ್ಲ. ಎಷ್ಟೋ ಜನ ಮನಸ್ಸಿಟ್ಟು ಕೆಲಸ ಮಾಡುತ್ತಾರೆ. ಆದರೆ ಊರಿನ ದಾರಿ ಗೊತ್ತಾಗುವ ಹೊತ್ತಿಗೆ ಅವರ ವರ್ಷ ಮುಗಿದಿರುತ್ತದೆ. ಮುಂದಿನವರಿಗೆ ಅಕ್ಕ ಮತ್ತೆ ಮೊದಲಿನಿಂದ ಹೇಳಬೇಕು. ಬಿಪಿ ಅಂದರೆ ಇಪ್ಪತ್ತು ವರ್ಷದ ಕಾಯಿಲೆ. ಅದನ್ನು ಒಂದೊಂದು ವರ್ಷದ ಡಾಕ್ಟರುಗಳು ನೋಡಿಕೊಳ್ಳುವುದು ಹೇಗೆ?

ದೊಡ್ಡ ಆಸ್ಪತ್ರೆಯ ಕೈ ಹಳ್ಳಿಯವರೆಗೆ ಚಾಚಲು ಆಗುವುದೇ ಇಲ್ಲ ಅಂತಲ್ಲ. ಮಂಗಳೂರಿನ ಹೃದಯದ ಡಾಕ್ಟರು ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ಅಲ್ಲಿಂದ ವಾಟ್ಸ್‌ಆ್ಯಪಿನಲ್ಲಿ ಬಂದ ಇಸಿಜಿ ನೋಡಿ ಸಲಹೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಎದೆನೋವು ಅಂತ ಬಂದವರದ್ದು ಗ್ಯಾಸೋ ಹಾರ್ಟ್ ಅಟ್ಯಾಕೋ ಅಂತ ಅಲ್ಲೇ ಗೊತ್ತಾದರೆ ಎಷ್ಟು ಜೀವ ಉಳಿಯುತ್ತದೆ. ಅದಕ್ಕೆ ಬೇಕಾಗಿದ್ದದ್ದು ಒಂದು ಮೆಷಿನು, ಒಂದು ಫೋನು, ಆ ಕಡೆಯಲ್ಲಿ ಫೋನ್ ನೋಡುವ ಮನಸ್ಸಿರುವ ಡಾಕ್ಟರು. ಬಿಪಿಗೆ ಇಷ್ಟೂ ಬೇಡ. ಒಂದು ಪಟ್ಟಿ ಕಟ್ಟುವ ಮೆಷಿನು, ಮೂವತ್ತು ಮಾತ್ರೆ, ನಡೆದು ಹೋಗುವಷ್ಟು ದೂರದಲ್ಲಿ ಒಬ್ಬರು.

ಇದು ಕಾಗದದ ಮೇಲೆ ಈಗಾಗಲೇ ಇದೆ. 2018ರಿಂದ ಉಪಕೇಂದ್ರಗಳನ್ನೇ ಕ್ಷೇಮ ಕೇಂದ್ರ ಅಂತ ಮಾಡಿ ಅಲ್ಲಿಗೊಬ್ಬರು ಸಮುದಾಯ ಆರೋಗ್ಯಾಧಿಕಾರಿಯನ್ನು ಕೊಡುತ್ತಾ ಬಂದಿದ್ದಾರೆ. 2023ರಲ್ಲಿ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು ಬದಲಾಯಿತು. ಡಾಕ್ಟರು ಒಮ್ಮೆ ಬರೆದುಕೊಟ್ಟ ಬಿಪಿ, ಶುಗರ್ ಮಾತ್ರೆಯನ್ನು ಪ್ರತಿ ತಿಂಗಳು ಅಲ್ಲಿಂದಲೇ ತೆಗೆದುಕೊಳ್ಳಬಹುದು. ಬಾಗಿಲ ಮೇಲಿನ ಹೆಸರು ಏನೇ ಇರಲಿ. ಬಾಗಿಲು ತೆರೆದಿರಬೇಕು, ಒಳಗೆ ಮಾತ್ರೆ ಇರಬೇಕು, ಕೂತವರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಬರಬೇಕು.

ಎಡಗೈ

ನಮ್ಮೂರಿನ ಉಪಕೇಂದ್ರಕ್ಕೆ ಕಳೆದ ವರ್ಷ ಒಬ್ಬರು ಸಿಸ್ಟರ್ ಬಂದಿದ್ದಾರೆ, ಬಾಗಲಕೋಟೆ ಕಡೆಯವರು. ಅವರ ಮಾತು ಇಲ್ಲಿಯವರಿಗೆ, ಇಲ್ಲಿಯವರ ಮಾತು ಅವರಿಗೆ ಅರ್ಥ ಆಗಲು ಒಂದೆರಡು ತಿಂಗಳು ಹಿಡಿಯಿತಂತೆ. ಈಗ "ಎಂತ ಅಜ್ಜಿ, ಆರಾಮದೀರೇನು?" ಅಂತ ಎರಡನ್ನೂ ಸೇರಿಸಿ ಕೇಳುತ್ತಾರೆ. ಶನಿವಾರ ಮಧ್ಯಾಹ್ನ ಬಿಪಿ, ಶುಗರ್ ಇದ್ದವರು ಬಂದರೆ ಸಾಕು ಅಂತ ಅವರೇ ದಿನ ಗೊತ್ತುಮಾಡಿದ್ದಾರೆ. ಕೂಲಿಗೆ ಹೋಗುವವರಿಗೆ ಅರ್ಧ ದಿನ ಉಳಿಯಲಿ ಅಂತ. ನಡೆಯಲು ಆಗದವರ ಮಾತ್ರೆಯನ್ನು ನನ್ನ ಜೊತೆಗಾರ್ತಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾಳೆ. ಹಾಡಿಮನೆಗೂ.

ಮೊನ್ನೆ ಹೋಗಿದ್ದೆ. ಅಕ್ಕ ಜಗಲಿಯಲ್ಲಿ ಕೂತಿದ್ದರು. ಕಾಲು ಎಳೆದು ಎಳೆದು ನಡೆಯುತ್ತಾರೆ, ಮಾತು ಸ್ವಲ್ಪ ತೊದಲುತ್ತದೆ, ಬಲಗೈ ಮಡಿಲಿನಲ್ಲಿ ಹಾಗೇ ಬಿದ್ದಿರುತ್ತದೆ. ಎಡಗೈಯಲ್ಲಿ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ಸುಲಿಯುವುದು ಈಗ ಸೊಸೆ. ನನ್ನನ್ನು ನೋಡಿ ನಕ್ಕರು, ಅರ್ಧ ಮುಖದಲ್ಲಿ. ಬಿಸ್ಕತ್ ಡಬ್ಬಿ ತಾ ಅಂತ ಮೊಮ್ಮಗಳಿಗೆ ಹೇಳಿದರು. ಸ್ಟ್ರಿಪ್ಪು ತೆಗೆದು, ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು, ಎಡಗೈ ಹೆಬ್ಬೆರಳಲ್ಲಿ ಒತ್ತಿ ಮಾತ್ರೆ ಹೊರಗೆ ತೆಗೆದರು. ನಾನು ಸಹಾಯಕ್ಕೆ ಕೈ ಚಾಚಿದರೆ ಬೇಡ ಅಂದರು. ಕ್ಯಾಲೆಂಡರಿನಲ್ಲಿ ಈಗ ಗೀಟು ಹಾಕುವುದು ಮೊಮ್ಮಗಳು, ಒಂದನೇ ಕ್ಲಾಸಿನ ಕೆಂಪು ಪೆನ್ಸಿಲಿನಲ್ಲಿ. ಒಂದು ಮನೆಯೂ ಖಾಲಿ ಇರಲಿಲ್ಲ.

"ಈ ಸಲ ಹದ್ನೈದೇ ಕೊಟ್ಟಿರ್" ಅಂದರು ಅಕ್ಕ. ಮೇಲಿನಿಂದ ಸ್ಟಾಕ್ ಬಂದಿಲ್ಲವಂತೆ, ಮುಂದಿನ ಶನಿವಾರ ಬರಬಹುದು ಅಂತ ಸಿಸ್ಟರ್ ಹೇಳಿದ್ದಾರಂತೆ. ನಾನು ಸ್ಟ್ರಿಪ್ಪು ತೆಗೆದುಕೊಂಡು ಎಣಿಸಿದೆ. ಆರು ಉಳಿದಿತ್ತು. ಶನಿವಾರಕ್ಕೆ ಇನ್ನೂ ಎಂಟು ದಿನ. ಅವರೂ ಎಣಿಸಿದ್ದರು ಅಂತ ಅವರ ಮುಖ ನೋಡಿದರೇ ಗೊತ್ತಾಯಿತು. ಗುಡ್ಡೆ ಇಳಿಯುವಾಗ ಆ ಬಂಡೆಯ ಮೇಲೆ ಹತ್ತಿ, ನೆಟ್‌ವರ್ಕ್ ಸಿಕ್ಕಿದ ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. ಪೇಟೆಯಿಂದ ಬರುವಾಗ ಮೂರು ಸ್ಟ್ರಿಪ್ಪು ತರಲು ಹೇಳಿದೆ. ಹೆಸರು ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಬರೆದುಕೊಂಡೆಯಾ ಅಂತ ಎರಡು ಸಲ ಕೇಳಿದೆ.